ಜಪಾನಿನ ಗದ್ದೆ, ನಮ್ಮ ಗದ್ದೆ
(ರಜತ ಮಹೋತ್ಸವ ಸಭೆಯಲ್ಲಿ ಮಾಡಿದ ಭಾಷಣದ ಸಾರ)



ಜಪಾನ್ ಅಂದ್ರೆ ನಮಗೆ ಕಾರು, ರೇಡಿಯೋ ನೆನಪಾಗುತ್ತದೆ. ಆದರೆ ಆ ಕಾರ್ಖಾನೆಗಳ ಬುನಾದಿ ಗದ್ದೆಯಲ್ಲಿತ್ತು. 1873ರ ನಂತರದ ಭೂಕಂದಾಯ, ರೈತರ ಮನೆಯ ರೇಷ್ಮೆ ಆ ದೇಶವನ್ನು ಎತ್ತಿ ನಿಲ್ಲಿಸಿದವು. 1946ರಲ್ಲಿ ಗೇಣಿದಾರರಿಗೆ ಭೂಮಿ ಕೊಡುವ ಕಾನೂನು ಬಂತು. ಅದರ ಬೆನ್ನಿಗೇ 1947ರಲ್ಲಿ ಕೃಷಿ ಸಹಕಾರ ಸಂಘಗಳ ಕಾನೂನು.

ನಮ್ಮಲ್ಲಿಯೂ 1974ರ ಮಾರ್ಚ್ 1ರಿಂದ ಗೇಣಿ ರದ್ದಾಯಿತು. ಗೇಣಿ ಅಕ್ಕಿ ಹೊತ್ತು ಒಡೇರ ಮನೆಗೆ ಹೋಗುತ್ತಿದ್ದ ನಾವೇ ಒಡೇರಾದೆವು. ಇಂದು ಮಕ್ಕಳು ಬೆಂಗಳೂರು, ಮುಂಬಯಿ ಸೇರಿದ್ದಾರೆ. ಗದ್ದೆಗಳು ಹಡಿಲು ಬೀಳುತ್ತಿವೆ. ತಪ್ಪು ಮಕ್ಕಳದ್ದಲ್ಲ, ಒಬ್ಬೊಬ್ಬರೇ ಮಾಡಿದರೆ ಬೇಸಾಯ ಪೂರೈಸುವುದಿಲ್ಲ. ನಾಟಿ, ಕಟಾವಿನ ಯಂತ್ರಗಳನ್ನು ಸಂಘದ ಮೂಲಕ ಒಟ್ಟಾಗಿ ಬಳಸೋಣ. ಭೂಮಿ ಕಾನೂನಿನಿಂದ ಬಂತು. ಉಳಿಸಿಕೊಳ್ಳುವುದು ನಮ್ಮ ಕೈಲಿದೆ.