ಫೋನ್ ಇಲ್ಲದವರೂ ನಮ್ಮ ಸದಸ್ಯರೇ

(ಸಂಘದ ಬೆಳ್ಳಿ ಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾವು ಎಸ್ಸೆಸ್ಸೆಲ್ಸಿವರೆಗೆ ಓದಿದ ರೈತರು. ಭಾಷಣ ಮಾಡಿ ರೂಢಿ ಇಲ್ಲ. ತಿಳಿದದ್ದನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇವೆ. ನಮಗೆ ಕೊಟ್ಟಿರುವ ವಿಷಯ ‘ಆಧುನಿಕ ಕಾಲದಲ್ಲಿ ಫೋನ್ ಇಲ್ಲದ ಬದುಕು’. ವಿಷಯ ಕೇಳಿ ಕೆಲವರು ನಕ್ಕರು. “ಈಗ ಫೋನ್ ಇಲ್ಲದವರು ಯಾರದಾರ್ರಿ?” ಅಂದರು. ನಾವು ಸಂಘದ ಸದಸ್ಯರ ಪುಸ್ತಕ ತೆಗೆದು ಒಂದೊಂದೇ ಹೆಸರು ನೋಡಿದೆವು. ನಂಬರಿನ ಕಾಲಂ ಖಾಲಿ ಇರುವ ಹೆಸರುಗಳು ಸಿಕ್ಕವು. ನಂಬರ್ ಬರೆದಿದ್ದರೂ ಅದು ಮಗನದೋ, ಅಳಿಯನದೋ, ಪಕ್ಕದ ಮನೆಯವರದೋ ಆಗಿರುವ ಹೆಸರುಗಳು ಅದಕ್ಕಿಂತ ಹೆಚ್ಚು ಸಿಕ್ಕವು. ಆದ್ದರಿಂದ ಇದು ನಗುವ ವಿಷಯವಲ್ಲ, ನಮ್ಮ ಮನೆಯ ವಿಷಯ.

ಮೊದಲು ಹಿಂದಿನ ಮಾತು. ಫೋನ್ ನಮ್ಮ ಹಳ್ಳಿಗಳಿಗೆ ಬಂದು ಬಹಳ ಕಾಲವೇನೂ ಆಗಿಲ್ಲ. ಸಿ-ಡಾಟ್ ಸಂಸ್ಥೆಯ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ನಮ್ಮ ಕರ್ನಾಟಕದ ಕಿತ್ತೂರಿನಲ್ಲೇ 1986ರಲ್ಲಿ ಶುರುವಾಯಿತು. 1995ರ ಜುಲೈ 31ರಂದು ಜ್ಯೋತಿ ಬಸು ಅವರು ಕಲ್ಕತ್ತಾದಿಂದ ದಿಲ್ಲಿಯ ಸುಖ್‌ರಾಮ್ ಅವರ ಸಂಗಡ ಮೊಬೈಲಿನಲ್ಲಿ ಮಾತನಾಡಿದ್ದು ದೇಶದ ಮೊದಲ ಮೊಬೈಲ್ ಕರೆ. 2013ರ ಜುಲೈ 14ಕ್ಕೆ ತಂತಿ ಸೇವೆ ಮುಗಿಯಿತು. ಇಷ್ಟು ಬೇಗ ಕಾಲ ಬದಲಾಯಿತು.

ಅದಕ್ಕೂ ಮೊದಲು ನಮ್ಮ ಸೀಮೆಯಲ್ಲಿ ಸುದ್ದಿ ಹೋಗುತ್ತಲೇ ಇರಲಿಲ್ಲವೇ? ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಅಂದರೆ ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಅಲ್ಲಿ ಕೇಳಿದ ಒಂದು ಮಾತಿನ ಕಾರ್ಣಿಕ ಚಕ್ಕಡಿ ಹತ್ತಿ, ಬಸ್ಸು ಹತ್ತಿ ಬಾಯಿಂದ ಬಾಯಿಗೆ ಊರೂರಿಗೆ ಮುಟ್ಟುತ್ತಿತ್ತು. ಕೊಟ್ಟೂರೇಶ್ವರನ ತೇರಿಗೆ ಬಂದವರು ಮಳೆ, ಪೈರು, ಕನ್ಯೆ, ವರ ಎಲ್ಲದರ ಸುದ್ದಿ ಗಂಟು ಕಟ್ಟಿಕೊಂಡು ಹೋಗುತ್ತಿದ್ದರು. ಇನ್ನು ಅಂಚೆಯಣ್ಣನ ಮಾತು ಕೇಳ್ರಿ. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ತಿರುಗಿ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಮನೆ ಇದ್ದಲ್ಲೇ ಇತ್ತು, ಜಿಲ್ಲೆ ಮೂರು ಸಲ ಬದಲಾಯಿತು. ಆದರೂ ಅಂಚೆಯಣ್ಣ ಬಾಗಿಲು ತಪ್ಪಲಿಲ್ಲ. ಯಾಕಂದರೆ ಅವನಿಗೆ ಮನುಷ್ಯನ ಗುರುತು ಇತ್ತು.

ಹಾಗಂತ ಹಿಂದಿನ ಕಾಲವೇ ಚೆಂದ ಅಂತ ನಾವು ಹೇಳುವುದಿಲ್ಲ. ಹೆರಿಗೆ ನೋವು ಬಂದಾಗ ಗಾಡಿ ಕರೆಯಲು ಮೈಲುಗಟ್ಟಲೆ ಓಡಿದವರು ನಮ್ಮಲ್ಲೇ ಇದ್ದಾರೆ. ಇಂದು ಫೋನ್ ಮಾಡಿದರೆ 108 ಗಾಡಿ ಬರುತ್ತದೆ. ಕೊಟ್ಟೂರು ಮಾರುಕಟ್ಟೆಯ ಧಾರಣಿ ಕೇಳಿಯೇ ಚೀಲ ಹೇರುತ್ತೇವೆ. ಫೋನ್ ಒಳ್ಳೆಯ ಆಳು. ಆದರೆ ಈಗ ಆ ಆಳು ಬಾಗಿಲಲ್ಲಿ ಕುಂತು ‘ನಾನಿಲ್ಲದೆ ಒಳಗೆ ಬಿಡಂಗಿಲ್ಲ’ ಅನ್ನುತ್ತಿದ್ದಾನೆ. ನಮ್ಮ ತಕರಾರು ಇರುವುದು ಅಲ್ಲಿ.

ನಮ್ಮ ತಾಂಡಾಗಳಿಂದ, ಹಳ್ಳಿಗಳಿಂದ ಕಬ್ಬು ಕಡಿಯಲು ಮಂಡ್ಯದ ಕಡೆಗೆ, ಕಾಫಿ ತೋಟಗಳಿಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಮಕ್ಕಳು ಗುಳೆ ಹೋಗುತ್ತಾರೆ. ಫೋನ್ ಮಗನ ಜೇಬಿನಲ್ಲಿ, ತಾಯಿ ಇಲ್ಲಿ ಕೌಂಟರಿನ ಮುಂದೆ. ಒಟಿಪಿ ಬರುವುದು ಮಂಡ್ಯದ ಕಬ್ಬಿನ ಗದ್ದೆಗೆ. ಅವನು ಕುಡುಗೋಲು ಕೆಳಗಿಟ್ಟು ನೋಡುವುದರೊಳಗೆ ಅದರ ಅವಧಿ ಮುಗಿದಿರುತ್ತದೆ. “ನಾಳೆ ಬಾರವ್ವ” ಅನ್ನುತ್ತಾರೆ. ನಾಳೆ ಅಂದರೆ ಅವಳ ಒಂದು ದಿನದ ಕೂಲಿ. ಕೆಲವರ ನಂಬರ್ ರೀಚಾರ್ಜ್ ಇಲ್ಲದೆ ಬಂದ್ ಆಗಿ ಬೇರೆಯವರ ಪಾಲಾಗಿರುತ್ತದೆ. ಆಧಾರಿನಲ್ಲಿ ಮಾತ್ರ ಅದೇ ಹಳೇ ನಂಬರ್ ಇರುತ್ತದೆ.

ಇನ್ನೊಂದು ಸಂಗತಿ. ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರ ಹೊಲದಲ್ಲಿ ಮಳೆ ನೀರು ನಿಂತು ಈರುಳ್ಳಿ ಕೊಳೆಯಿತು. ವಿಮೆಯ ಕಂತು ಕಟ್ಟಿದ್ದರು. ಫಸಲ್ ಬಿಮಾ ಯೋಜನೆಯಲ್ಲಿ ಇಂಥ ಸ್ಥಳೀಯ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು. ಅವರಿಗೆ ಯಾರೋ “ಅದು ಆಪ್‌ನಾಗ ಹಾಕೋದು, ನಿನ್ನ ಹತ್ರ ಫೋನಿಲ್ಲ, ಆಗಂಗಿಲ್ಲ” ಅಂದುಬಿಟ್ಟರು. ಅವರು ಸುಮ್ಮನೆ ಮನೆಗೆ ಹೋದರು. ಐದನೇ ದಿನ ನಮ್ಮ ಕಿವಿಗೆ ಬಿತ್ತು, ಗಡುವು ದಾಟಿತ್ತು. ನಿಜ ಏನೆಂದರೆ ಆಪ್ ಒಂದೇ ದಾರಿಯಲ್ಲ. ಬ್ಯಾಂಕಿಗೆ ಇಲ್ಲವೆ ಕೃಷಿ ಇಲಾಖೆಯವರಿಗೆ ತಿಳಿಸಿದರೂ ನಡೆಯುತ್ತದೆ. ಆ ಮಾತು ಹೇಳುವವರು ಒಬ್ಬರಿದ್ದರೆ ಸಾಕಿತ್ತು. ಅವರ ಬೆಳೆಯನ್ನು ಮಳೆ ತಿಂದಿತು, ಪರಿಹಾರದ ದಾರಿಯನ್ನು ತಪ್ಪು ಮಾಹಿತಿ ತಿಂದಿತು.

ಫೋನ್ ಇಲ್ಲದೆಯೂ ಕೆಲಸ ಮಾಡಿಕೊಡಲು ಬರುತ್ತದೆ ಎಂಬುದಕ್ಕೆ ಉದಾಹರಣೆ ಇವೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗ ಹೆಣ್ಣುಮಕ್ಕಳಿಗೆ ಒಂದು ಗುರುತಿನ ಚೀಟಿ ಸಾಕಾಯಿತು. ಕಂಡಕ್ಟರ್ ಚೀಟಿ ನೋಡಿ ಶೂನ್ಯ ಟಿಕೆಟ್ ಹರಿದುಕೊಟ್ಟ, ಒಟಿಪಿ ಕೇಳಲಿಲ್ಲ. ಪಿಎಂ ಕಿಸಾನ್ ಇ-ಕೆವೈಸಿಯಲ್ಲಿ ಒಟಿಪಿ ಬಾರದವರಿಗೆ ಸೇವಾ ಕೇಂದ್ರದಲ್ಲಿ ಬೆರಳಚ್ಚು ಕೊಡುವ ದಾರಿ ಇಟ್ಟರು. ಗುದ್ದಲಿ ಹಿಡಿದು ಸವೆದ ಬೆರಳು ಕೆಲವೊಮ್ಮೆ ಯಂತ್ರಕ್ಕೆ ಹತ್ತುವುದಿಲ್ಲ, ಅದು ಬೇರೆ ಮಾತು. ಮನಸ್ಸು ಮಾಡಿದರೆ ಎರಡನೇ ಬಾಗಿಲು ಇಡಬಹುದು ಅನ್ನುವುದೇ ಇಲ್ಲಿ ಮುಖ್ಯ.

“ಹತ್ತಿಪ್ಪತ್ತು ಜನರ ಸಲುವಾಗಿ ಇಷ್ಟೆಲ್ಲ ಯಾಕೆ?” ಎಂದು ಕೇಳುವವರಿದ್ದಾರೆ. ಅವರಿಗೆ ನಮ್ಮ ಉತ್ತರ ಇದು. ಹಡಗಲಿ ತಾಲ್ಲೂಕಿನಿಂದ ತುಂಗಭದ್ರೆ ದಾಟಿದರೆ ಗದಗ ಜಿಲ್ಲೆ. ಅಲ್ಲಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಅದರ ಬಂಡವಾಳ ಹಣಕ್ಕಿಂತ ಮೊದಲು ನಂಬಿಕೆ. ಸಹಕಾರ ತತ್ವದಲ್ಲಿ ಒಬ್ಬ ಸದಸ್ಯನಿಗೆ ಒಂದು ಮತ. ನೂರು ಎಕರೆಯವನಿಗೂ ಒಂದೇ, ಒಂದು ಎಕರೆಯವಳಿಗೂ ಒಂದೇ. ಷೇರು ಹಣ ಕಟ್ಟುವಾಗ ನಾವು ಯಾರನ್ನೂ ‘ನಿನ್ನ ಹತ್ತಿರ ಫೋನ್ ಐತೇನು?’ ಎಂದು ಕೇಳಿರಲಿಲ್ಲ. ಇಂದು ಮಹಾಸಭೆಯ ನೋಟಿಸು ವಾಟ್ಸಾಪಿಗೆ ಮಾತ್ರ ಹಾಕಿದರೆ, ಫೋನ್ ಇಲ್ಲದವರ ಷೇರು ನಮ್ಮ ಹತ್ತಿರ ಇದ್ದು, ಅವರ ಮತ ಮಾತ್ರ ಮನೆಯಲ್ಲಿ ಉಳಿದಂತೆ.

ಅದಕ್ಕೆ ಆಡಳಿತ ಮಂಡಳಿಯ ಮುಂದೆ ನಾಲ್ಕು ಸಲಹೆ ಇಡುತ್ತೇವೆ.

ಒಂದು, ಮಹಾಸಭೆಯ ನೋಟಿಸು ವಾಟ್ಸಾಪಿನಲ್ಲೂ ಹೋಗಲಿ, ಕಾಗದದಲ್ಲೂ ಹೋಗಲಿ. ಫಲಕಕ್ಕೆ ಹಚ್ಚಬೇಕು, ಹಿಂದಿನ ಸಂಜೆ ಡಂಗುರ ಹೊಡೆಸಬೇಕು.

ಎರಡು, ಹಣ ಕಟ್ಟಿದವರಿಗೆ ಮೆಸೇಜು ಬಂದರೂ ಸರಿ, ಬಾರದಿದ್ದರೂ ಸರಿ, ಸಹಿ ಮತ್ತು ಮೊಹರಿನ ರಸೀದಿ ಕೈಗೆ ಕೊಡಬೇಕು, ಪಾಸ್‌ಬುಕ್ಕಿನಲ್ಲಿ ಬರೆಯಬೇಕು. 2022ರಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಪತ್ತಿನ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ. ಕಂಪ್ಯೂಟರ್ ಇದ್ದಲ್ಲಿ ರಸೀದಿ ಮುದ್ರಿಸುವುದು ಇನ್ನೂ ಸುಲಭ.

ಮೂರು, ಬೆಳೆಹಾನಿ ಅರ್ಜಿಯ ನಮೂನೆ ಸಂಘದಲ್ಲಿ ಸದಾ ಇರಬೇಕು. ಹಾನಿಯಾದ ದಿನವೇ ಸಿಬ್ಬಂದಿ ಇಲ್ಲವೆ ನಿರ್ದೇಶಕರು ಬರೆದು, ತಲುಪಿಸಿ, ಸ್ವೀಕೃತಿ ತರಬೇಕು. ಬೆಳೆ ಸಮೀಕ್ಷೆಯಲ್ಲಿ ಯಾವ ಬೆಳೆ ದಾಖಲಾಗಿದೆ ಎಂದೂ ಅವರಿಗೆ ಓದಿ ಹೇಳಬೇಕು.

ನಾಲ್ಕು, ವಾರದಲ್ಲಿ ಒಂದು ದಿನ, ಸಂತೆಯ ದಿನವಾದರೆ ಉತ್ತಮ, ಓದಿದ ಹುಡುಗ ಹುಡುಗಿಯರು ಸಂಘದಲ್ಲಿ ಕುಂತು ಇಂಥವರ ಕೆಲಸ ಮಾಡಿಕೊಡಲಿ. ಆದರೆ ಒಂದು ಕಟ್ಟುನಿಟ್ಟು: ಪಿನ್ ಕೇಳಬಾರದು, ಒಟಿಪಿಯನ್ನು ಸದಸ್ಯರ ಕಣ್ಣೆದುರಿಗಲ್ಲದೆ ಬಳಸಬಾರದು, ಮಾಡಿದ ಕೆಲಸ ಪುಸ್ತಕದಲ್ಲಿ ಬರೆಯಬೇಕು. ಸಹಾಯದ ಹೆಸರಲ್ಲಿ ಹಣ ಕಳಕೊಂಡವರು ಸುತ್ತಮುತ್ತ ಇದ್ದಾರೆ.

ಇದಕ್ಕೆಲ್ಲ ದೊಡ್ಡ ಖರ್ಚಿಲ್ಲ. ಒಂದಿಷ್ಟು ಕಾಗದ, ಡಂಗುರದವನ ಕೂಲಿ, ನಮ್ಮದೊಂದಿಷ್ಟು ಹೊತ್ತು.

ಹಿರಿಯರಿಗೆ ಒಂದು ಮಾತು. ಫೋನ್ ಇಲ್ಲವೆಂದು ನಾಚಿಕೆಪಡಬೇಡಿರಿ. ‘ಆಗಂಗಿಲ್ಲ’ ಅಂದವರಿಗೆ ‘ಬೇರೆ ದಾರಿ ಏನೈತಿ, ಬರೆದುಕೊಡ್ರಿ’ ಎಂದು ಕೇಳಿರಿ. ಯುವಕರಿಗೆ ಒಂದು ಮಾತು. ಇಂದು ನಿಮ್ಮ ಕಣ್ಣು ಚುರುಕು, ಬೆರಳು ಚುರುಕು. ಮುಂದೆ ಇನ್ನೊಂದು ಹೊಸ ಯಂತ್ರ ಬಂದು, ನಿಮ್ಮ ಕೈಗೆ ಅದು ಬಗ್ಗದ ದಿನವೂ ಬರುತ್ತದೆ. ಆಗ ನಿಮಗೂ ಎರಡನೇ ಬಾಗಿಲು ಬೇಕಾಗುತ್ತದೆ. ಅದನ್ನು ಈಗಲೇ ಕಟ್ಟೋಣ.



ಜೈ ಸಹಕಾರ, ಜೈ ಕರ್ನಾಟಕ.