ದಾಖಲೆ ಕೋಣೆಯಲ್ಲಿ ಒಂದು ಹೆಣ: ಪಿ.ಡಿ. ಜೇಮ್ಸ್ ಅವರ ಬಾಳು ಮತ್ತು ಬರವಣಿಗೆ



ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಬಾಡಿಗೆಗೆ ತಂದು, ಪಠ್ಯಪುಸ್ತಕದೊಳಗೆ ಬಚ್ಚಿಟ್ಟು ಓದಿದವರು ಈ ಸಭೆಯಲ್ಲಿ ಬಹಳ ಮಂದಿ ಇದ್ದೀರಿ. ನಾನೂ ಆ ಪೈಕಿ. ಅಷ್ಟು ಆಸೆಯಿಂದ ಓದಿದ ಬಗೆಯ ಸಾಹಿತ್ಯದ ಬಗ್ಗೆ ಇಂಥ ವೇದಿಕೆಯಲ್ಲಿ ಮಾತಾಡಲು ಮಾತ್ರ ಸಂಕೋಚಪಟ್ಟೆವು. ಇಂಗ್ಲೆಂಡಿನ ಪತ್ತೇದಾರಿ ಕಾದಂಬರಿಗಾರ್ತಿ ಪಿ.ಡಿ. ಜೇಮ್ಸ್ ಅವರನ್ನು ಇವತ್ತು ಆರಿಸಿಕೊಂಡದ್ದಕ್ಕೆ ನನಗೊಂದು ಸ್ವಂತ ಕಾರಣವಿದೆ. ಹಾಜರಿ ಪುಸ್ತಕ, ಟಪಾಲು, ಕಡತ, ಮೇಲಧಿಕಾರಿಯ ಟಿಪ್ಪಣಿ ಇವುಗಳ ನಡುವೆಯೇ ನನ್ನ ಆಯುಷ್ಯದ ಹೆಚ್ಚು ಭಾಗ ಕಳೆಯಿತು. ಆ ಲೋಕದಲ್ಲಿ ಎಷ್ಟು ದ್ವೇಷ, ಎಷ್ಟು ಭಯ, ಎಷ್ಟು ಮೂಕ ನಿಷ್ಠೆ ಅಡಗಿರುತ್ತದೆಂದು ಜೇಮ್ಸ್ ಅವರಷ್ಟು ಚೆನ್ನಾಗಿ ಬರೆದ ಇನ್ನೊಬ್ಬರನ್ನು ನಾನು ಓದಿಲ್ಲ.

ಆಕೆ ಹುಟ್ಟಿದ್ದು 1920ರಲ್ಲಿ, ಆಕ್ಸ್‌ಫರ್ಡಿನಲ್ಲಿ. ತಂದೆ ತೆರಿಗೆ ಇಲಾಖೆಯ ನೌಕರರು. ಮನೆಯಲ್ಲಿ ಹಣದ ಮುಗ್ಗಟ್ಟು. ಹದಿನಾರಕ್ಕೇ ಓದು ನಿಂತಿತು. ತಾಯಿ ಮಾನಸಿಕ ಆಸ್ಪತ್ರೆ ಸೇರಬೇಕಾಯಿತು. 1941ರಲ್ಲಿ ಮದುವೆಯಾದ ವೈದ್ಯರು ಸೇನೆಯ ವೈದ್ಯಕೀಯ ದಳಕ್ಕೆ ಹೋದರು, ಯುದ್ಧ ಮುಗಿಸಿ ಬಂದಾಗ ಅವರ ಮನಸ್ಸೂ ಕದಡಿಹೋಗಿತ್ತು. ಗಂಡ ದುಡಿಯುವ ಸ್ಥಿತಿಯಲ್ಲಿಲ್ಲ, ಎರಡು ಹೆಣ್ಣುಮಕ್ಕಳು ಇನ್ನೂ ಸಣ್ಣವರು. ಸಂಜೆ ತರಗತಿಯಲ್ಲಿ ಆಸ್ಪತ್ರೆ ಆಡಳಿತ ಕಲಿತು 1949ರಲ್ಲಿ ಲಂಡನ್ನಿನ ಆಸ್ಪತ್ರೆ ಮಂಡಳಿಯೊಂದರಲ್ಲಿ ಕೆಲಸಕ್ಕೆ ಸೇರಿದರು. ಬರೆಯಬೇಕೆಂಬ ಆಸೆ ಚಿಕ್ಕಂದಿನದು, ಬಿಡುವು ಮಾತ್ರ ಇಲ್ಲ. ಕಾದರೆ ಬಿಡುವು ಎಂದೂ ಬರುವುದಿಲ್ಲ ಎಂದು ಅರಿವಾದಾಗ ಮೂವತ್ತೈದರ ಆಸುಪಾಸು. ಬೆಳಗ್ಗೆ ಬೇಗ ಎದ್ದು ಕೆಲಸಕ್ಕೆ ಹೊರಡುವ ಮುಂಚೆ ಬರೆಯತೊಡಗಿದರು. ಮೊದಲ ಕಾದಂಬರಿ ‘ಕವರ್ ಹರ್ ಫೇಸ್’ 1962ರಲ್ಲಿ ಅಚ್ಚಾಯಿತು. ಎರಡು ವರ್ಷಕ್ಕೆ ಗಂಡ ತೀರಿಕೊಂಡರು.

ಆ ಮೊದಲ ಪುಸ್ತಕದಲ್ಲಿರುವುದು ಹಳ್ಳಿಯ ದೊಡ್ಡಮನೆ, ಮನೆಗೆಲಸದ ಹುಡುಗಿಯ ಕೊಲೆ. ಅಗಾಥಾ ಕ್ರಿಸ್ಟಿ ಓದಿದವರಿಗೆ ಪರಿಚಿತವಾದ ಹಾದಿ. ನನ್ನ ಲೆಕ್ಕದಲ್ಲಿ ಜೇಮ್ಸ್ ತಮ್ಮ ದನಿಯನ್ನು ಕಂಡುಕೊಂಡದ್ದು ಎರಡನೆಯ ಪುಸ್ತಕದಲ್ಲಿ, 1963ರ ‘ಎ ಮೈಂಡ್ ಟು ಮರ್ಡರ್’ನಲ್ಲಿ. ಲಂಡನ್ನಿನ ಒಂದು ಮಾನಸಿಕ ಚಿಕಿತ್ಸಾಲಯ. ಅದರ ನೆಲಮಾಳಿಗೆಯ ದಾಖಲೆ ಕೋಣೆಯಲ್ಲಿ ಎದೆಗೆ ಉಳಿ ಚುಚ್ಚಿದ ಹೆಣ ಬಿದ್ದಿದೆ, ಸುತ್ತ ರೋಗಿಗಳ ಕಡತಗಳು ಚೆಲ್ಲಾಪಿಲ್ಲಿ. ಸತ್ತವಳು ಯಾರು? ಆ ಚಿಕಿತ್ಸಾಲಯದ ಆಡಳಿತಾಧಿಕಾರಿ. ಹಗಲು ತಾನು ಮಾಡುತ್ತಿದ್ದ ಬಗೆಯ ಕೆಲಸ, ಮನೆಯಲ್ಲಿ ಅನುಭವಿಸುತ್ತಿದ್ದ ಬಗೆಯ ಕಾಯಿಲೆ, ಎರಡನ್ನೂ ಆಕೆ ಒಂದೇ ಕೋಣೆಯಲ್ಲಿ ತಂದಿಟ್ಟರು. ತಮ್ಮ ಸಂಕಟವನ್ನು ನೇರವಾಗಿ ಹೇಳಿಕೊಳ್ಳಲಿಲ್ಲ. ಆತ್ಮಕಥನದಲ್ಲಿ ಕೂಡ ಆ ನೋವನ್ನು ಕೆದಕಲು ಹೋಗಲಿಲ್ಲ. ಹೇಳದೆ ಉಳಿಸಿದ್ದೆಲ್ಲ ಆ ಕಡತಗಳ ನಡುವೆ ಇದೆ ಎಂದು ನನಗೆ ಪ್ರತಿ ಓದಿನಲ್ಲೂ ಅನ್ನಿಸಿದೆ.

1971ರ ‘ಶ್ರೌಡ್ ಫಾರ್ ಎ ನೈಟಿಂಗೇಲ್’ ನೋಡಿ. ನರ್ಸಿಂಗ್ ಶಾಲೆ, ಅವತ್ತು ಇನ್‌ಸ್ಪೆಕ್ಷನ್. ತಪಾಸಣೆಗೆ ಬಂದವರು ಕೂತಿದ್ದಾರೆ. ಹೊಟ್ಟೆಗೆ ನಳಿಕೆ ಇಳಿಸಿ ರೋಗಿಗೆ ಆಹಾರ ಕೊಡುವುದು ಹೇಗೆಂದು ವಿದ್ಯಾರ್ಥಿನಿಯರು ತೋರಿಸಬೇಕು. ಒಬ್ಬ ಹುಡುಗಿ ರೋಗಿಯಾಗಿ ಮಲಗುತ್ತಾಳೆ. ಎಲ್ಲವೂ ಪಾಠದಲ್ಲಿದ್ದ ಹಾಗೆಯೇ ನಡೆಯುತ್ತದೆ, ಆದರೆ ನಳಿಕೆಯೊಳಗೆ ಹೋಗುವುದು ಹಾಲಲ್ಲ, ಸೋಂಕುನಿವಾರಕ. ಇನ್‌ಸ್ಪೆಕ್ಷನ್ ದಿನದ ಆ ಬಿಗಿ, ಆ ಶಿಸ್ತು, ತಪ್ಪಾದೀತೆಂಬ ಎದೆಬಡಿತ ಉದ್ಯೋಗದಲ್ಲಿದ್ದವರಿಗೆಲ್ಲ ಗೊತ್ತು. ಕೊಂದವರು ಆ ಶಿಸ್ತನ್ನೇ ಆಯುಧ ಮಾಡಿಕೊಂಡಿದ್ದಾರೆ. ಹಿಂಸೆ ಹೊರಗಿನಿಂದ ನುಗ್ಗಿ ಬರಬೇಕಾಗಿಲ್ಲ, ಸರಿಯಾಗಿ ನಡೆಯುವ ಕೆಲಸದ ಕ್ರಮದೊಳಗೇ ಅದಕ್ಕೆ ದಾರಿಯಿದೆ. ಜೇಮ್ಸ್ ಅವರಿಂದ ನಾನು ಕಲಿತದ್ದು ಇದನ್ನು.

ಆಕೆಯ ಕಾದಂಬರಿಗೆ ಮೊಳಕೆ ಬರುತ್ತಿದ್ದುದು ಸ್ಥಳದಿಂದ. ಸಫೊಕ್ ಕಡಲತೀರದಲ್ಲಿ ನಿಂತು ಅಲೆಗಳ ಸದ್ದು ಕೇಳುತ್ತಿದ್ದಾಗ, ತಿರುಗಿ ನೋಡಿದರೆ ಸೈಜ್‌ವೆಲ್ ಅಣುವಿದ್ಯುತ್ ಸ್ಥಾವರದ ಬೃಹದಾಕಾರ. ‘ಡಿವೈಸಸ್ ಅಂಡ್ ಡಿಸೈರ್ಸ್’ ಹುಟ್ಟಿದ್ದು ಆ ನೋಟದಿಂದ. ಮೊದಲು ಜಾಗ, ಆಮೇಲೆ ಅಲ್ಲಿರುವ ಜನ, ಸುಳಿವುಗಳ ಹೆಣಿಗೆ ಇನ್ನೂ ಆಮೇಲೆ. ಬರೆಯುವುದಕ್ಕೆ ಹಿಡಿದಷ್ಟೇ ಕಾಲ ಯೋಜನೆಗೂ ಹಿಡಿಯುತ್ತಿತ್ತು. ಸಿನಿಮಾ ಚಿತ್ರೀಕರಣದಂತೆ, ಅಂದಿನ ಮನಸ್ಸಿಗೆ ಒದಗಿದ ದೃಶ್ಯವನ್ನು ಮುಂದೆಹಿಂದೆ ನೋಡದೆ ಬರೆದು ಕೊನೆಗೆ ಜೋಡಿಸುತ್ತಿದ್ದರು. ಕೋಣೆಗಳ ವರ್ಣನೆ ಉದ್ದವಾಯಿತೆಂದು ದೂರುವವರಿದ್ದಾರೆ. ನಾನು ಒಪ್ಪುವುದಿಲ್ಲ, ಸತ್ತವರ ಪರವಾಗಿ ಸಾಕ್ಷಿ ನುಡಿಯಲು ಉಳಿದಿರುವುದು ಅವರ ಕೋಣೆಯೇ. ಒಂದು ಕೊರತೆಯನ್ನಂತೂ ಹೇಳಲೇಬೇಕು: ಕೊನೆಕೊನೆಯ ಕಾದಂಬರಿಗಳಲ್ಲಿ ಎಲ್ಲರೂ ಒಂದೇ ತೂಕದ, ಓದಿಕೊಂಡವರ ಮಾತನ್ನಾಡುತ್ತಾರೆ.

ಮತ್ತೆ ಆಕೆಯ ನೌಕರಿಯ ಮಾತಿಗೆ ಬಂದರೆ, 1968ರಲ್ಲಿ ಪರೀಕ್ಷೆ ಪಾಸು ಮಾಡಿ ಗೃಹ ಇಲಾಖೆ ಸೇರಿದರು. ಪೊಲೀಸು, ಅಪರಾಧ ನೀತಿ, ವಿಧಿವಿಜ್ಞಾನ ಪ್ರಯೋಗಾಲಯಗಳ ವಿಚಾರ ಅಲ್ಲಿ ಕೈಗೆ ಬಂತು. 1977ರ ‘ಡೆತ್ ಆಫ್ ಆನ್ ಎಕ್ಸ್‌ಪರ್ಟ್ ವಿಟ್ನೆಸ್’ನಲ್ಲಿ ಕೊಲೆ ನಡೆಯುವುದು ಅಂಥದೇ ಪ್ರಯೋಗಾಲಯದಲ್ಲಿ. 1979ರಲ್ಲಿ ನಿವೃತ್ತರಾಗುವ ಹೊತ್ತಿಗೆ ಏಳು ಕಾದಂಬರಿ ಬಂದಿದ್ದವು, ಏಳೂ ನೌಕರಿ ಮಾಡುತ್ತಲೇ ಬರೆದವು.

ಮರುವರ್ಷ ‘ಇನ್ನೊಸೆಂಟ್ ಬ್ಲಡ್’ ಬಂತು, ಹಣವೂ ಹೆಸರೂ ಒಟ್ಟಿಗೆ ಬಂದವು. ಅದರ ಹಿನ್ನೆಲೆಯಲ್ಲಿ ಒಂದು ಕಾನೂನಿದೆ: ದತ್ತು ಹೋದ ಮಕ್ಕಳು ವಯಸ್ಸಿಗೆ ಬಂದ ಮೇಲೆ ತಮ್ಮ ಜನನ ದಾಖಲೆ ನೋಡಬಹುದೆಂದು 1975ರಲ್ಲಿ ಇಂಗ್ಲೆಂಡ್ ಕಾನೂನು ಮಾಡಿತ್ತು. ಕಚೇರಿ ಬಿಟ್ಟು ಹೊರಬಂದ ಜೇಮ್ಸ್ ಅವರ ಈ ಕಾದಂಬರಿ ಮತ್ತೆ ಕಚೇರಿಯೊಂದರಲ್ಲೇ ತೆರೆಯುತ್ತದೆ. ಸಮಾಜ ಕಾರ್ಯಕರ್ತೆಯೊಬ್ಬರ ಎದುರು ಹದಿನೆಂಟರ ಹುಡುಗಿ ಕೂತಿದ್ದಾಳೆ. ಅವಳಿಗೆ ಬೇಕಾದದ್ದು ತನ್ನ ಹೆತ್ತವರ ಹೆಸರು. ಹೆತ್ತ ತಾಯಿ ಕೊಲೆಗಾಗಿ ಜೈಲಿನಲ್ಲಿದ್ದಾಳೆಂಬುದು ಅವಳಿಗಿನ್ನೂ ಗೊತ್ತಿಲ್ಲ.