ಶಿಲುಬೆಯ ಬಳಿಗೆ ಎತ್ತಿಕೊಂಡು ಹೋಗುವವರು

(ಸೆಪ್ಟೆಂಬರ್ 14, ಪವಿತ್ರ ಶಿಲುಬೆಯ ವಿಜಯೋತ್ಸವದಂದು ಬೀದರಿನಲ್ಲಿ ನೀಡಿದ ಪ್ರಬೋಧನೆ)



ಭಾಲ್ಕಿಯಿಂದಲೂ ಔರಾದಿನಿಂದಲೂ ಮಕ್ಕಳು ಮರಿಗಳನ್ನು ಕರೆದುಕೊಂಡು ಇಷ್ಟು ಬೇಗ ಬಂದು ಸೇರಿದ್ದೀರಿ. ಈ ಹಬ್ಬ ಬರುವುದೇ ನಮ್ಮ ಜಿಲ್ಲೆಯ ರೈತನ ಜೀವ ಹೊಲದಲ್ಲಿ ಸಿಕ್ಕಿಕೊಂಡಿರುವ ಕಾಲದಲ್ಲಿ. ಹೆಸರು, ಉದ್ದು ಮನೆಗೆ ಬಂದಿರುತ್ತದೆ ಇಲ್ಲವೇ ಮಳೆಗೆ ಸಿಕ್ಕಿ ಕಪ್ಪಾಗಿರುತ್ತದೆ. ಸೋಯಾ ಇನ್ನೂ ಹೊಲದಲ್ಲೇ ನಿಂತಿರುತ್ತದೆ. ತೊಗರಿಯ ಮಾತಂತೂ ದೇವರಿಗೇ ಗೊತ್ತು. ಹೀಗಿರುವಾಗ ಧರ್ಮಸಭೆ ನಮ್ಮ ಕಣ್ಣ ಮುಂದೆ ಶಿಲುಬೆಯನ್ನು ಎತ್ತಿ ಹಿಡಿಯುತ್ತದೆ.

ಹಬ್ಬದ ಹಿನ್ನೆಲೆ ನಿಮ್ಮಲ್ಲಿ ಅನೇಕರಿಗೆ ತಿಳಿದಿದೆ. ಯೇಸುಸ್ವಾಮಿಯ ಶಿಲುಬೆಯನ್ನು ಸಂತ ಹೆಲೆನಾ ಜೆರುಸಲೇಮಿನಲ್ಲಿ ಕಂಡುಕೊಂಡರೆಂಬುದು ಪರಂಪರೆ. ಆಕೆಯ ಮಗ ಚಕ್ರವರ್ತಿ ಕಾನ್‌ಸ್ಟಂಟೈನ್ ಕಟ್ಟಿಸಿದ ದೇವಾಲಯದ ಪ್ರತಿಷ್ಠೆ 335ರ ಸೆಪ್ಟೆಂಬರ್ 13ರಂದು ನಡೆಯಿತು. ಮರುದಿನ ಜನರ ದರ್ಶನಕ್ಕಾಗಿ ಶಿಲುಬೆಯನ್ನು ಎತ್ತಿ ತೋರಿಸಿದರು. ಅಂದಿನಿಂದ ಈ ಹಬ್ಬ ನಡೆದು ಬಂದಿದೆ. ಇಷ್ಟು ಸಾಕು. ನಾನು ಇಂದು ನಿಲ್ಲಬೇಕೆಂದಿರುವುದು ಮೊದಲನೆಯ ವಾಚನದಲ್ಲಿ.

ಸಂಖ್ಯಾಕಾಂಡದ 21ನೆಯ ಅಧ್ಯಾಯ. ಮರುಭೂಮಿಯ ದಾರಿಯಲ್ಲಿ ಇಸ್ರಯೇಲರಿಗೆ ಬೇಸರ ಬಂದಿತು. ನೀರಿಲ್ಲ, ರೊಟ್ಟಿಯಿಲ್ಲ, ತಿನ್ನುವ ಮನ್ನಾ ನಾಲಿಗೆಗೆ ಸೇರುತ್ತಿಲ್ಲ ಎಂದು ಗೊಣಗಿದರು. ವಿಷಸರ್ಪಗಳು ಬಂದು ಕಚ್ಚಿದವು, ಬಹಳ ಜನ ಸತ್ತರು. ಆಗ ಅವರು ಮೋಶೆಯ ಬಳಿ ಬಂದು, ಹಾವುಗಳನ್ನು ತೊಲಗಿಸುವಂತೆ ದೇವರಲ್ಲಿ ಬೇಡಿಕೋ ಎಂದು ಅತ್ತರು. ಕಂಚಿನ ಸರ್ಪವೊಂದನ್ನು ಮಾಡಿ ಕಂಬದ ಮೇಲೆ ಏರಿಸು, ಕಚ್ಚಿಸಿಕೊಂಡವನು ಅದನ್ನು ನೋಡಿದರೆ ಬದುಕುವನು ಎಂದು ಸರ್ವೇಶ್ವರ ಮೋಶೆಗೆ ಹೇಳಿದರು.

ಪ್ರಿಯರೇ, ಈ ಭಾಗವನ್ನು ನಾನು ಎಷ್ಟೋ ವರ್ಷ ಓದಿದ್ದೇನೆ, ಅದರ ಮೇಲೆ ಪ್ರಬೋಧನೆಯನ್ನೂ ಮಾಡಿದ್ದೇನೆ. ಒಂದು ಸಂಗತಿ ಮಾತ್ರ ಬಹಳ ತಡವಾಗಿ ನನ್ನ ಕಣ್ಣಿಗೆ ಬಿತ್ತು. ಜನ ಕೇಳಿದ್ದು ಹಾವುಗಳು ಹೋಗಲಿ ಎಂದು. ಹಾವುಗಳು ಹೋದವು ಎಂದು ಅಲ್ಲಿ ಬರೆದಿಲ್ಲ. ಹಾವು ಪಾಳೆಯದಲ್ಲೇ ಉಳಿಯಿತು, ಕಚ್ಚುತ್ತಲೂ ಇತ್ತು. ಆದರೆ ಕಚ್ಚಿಸಿಕೊಂಡವನು ಬದುಕುವುದಕ್ಕೆ ಒಂದು ದಾರಿ ತೆರೆಯಿತು.

ನಮ್ಮ ಹಾವುಗಳನ್ನು ನಾನು ಹೆಸರಿಟ್ಟು ಹೇಳಬೇಕೇ? 2016ರ ಏಪ್ರಿಲ್ ನೆನಪಿದೆಯಲ್ಲ. ಪಕ್ಕದ ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ತಂದ ವರ್ಷ ಅದು. ಗಡಿಯ ಈಚೆಗಿದ್ದ ನಮ್ಮ ಹಳ್ಳಿಗಳ ಬಾವಿಗಳೂ ಬತ್ತಿದ್ದವು, ಕೊಡ ಹಿಡಿದು ಟ್ಯಾಂಕರ್ ಕಾಯುತ್ತ ಕೂತವರು ಈ ಬೆಂಚುಗಳಲ್ಲೇ ಇದ್ದೀರಿ. 2025ರಲ್ಲಿ ಅದಕ್ಕೆ ತಿರುವುಮುರುವು. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡಲಿಲ್ಲ, ಮಾಂಜ್ರಾ ಉಕ್ಕಿ ಭಾಲ್ಕಿ, ಔರಾದ್ ಕಡೆಯ ಹೊಲಗಳಿಗೆ ನುಗ್ಗಿತು. ಡಾ. ನಂಜುಂಡಪ್ಪ ಸಮಿತಿ 2002ರ ತನ್ನ ವರದಿಯಲ್ಲಿ ಈ ಎರಡೂ ತಾಲೂಕುಗಳನ್ನು ಅತ್ಯಂತ ಹಿಂದುಳಿದವುಗಳ ಪಟ್ಟಿಗೆ ಸೇರಿಸಿತ್ತು. ಬರಗಾಲವೂ ನೆರೆಯೂ ಬರುವುದು ಅಂಥ ಮನೆಗಳಿಗೇ ಮೊದಲು. ಔರಾದಿನ ಹಳ್ಳಿ, ತಾಂಡಾಗಳಿಂದ ಹೈದರಾಬಾದಿಗೆ, ಪುಣೆಗೆ ದುಡಿಯಲು ಹೋಗುವವರ ಮನೆಯಲ್ಲಿ ಅಜ್ಜಿ ಮತ್ತು ಸಣ್ಣ ಮಕ್ಕಳಷ್ಟೇ ಉಳಿಯುತ್ತಾರೆ.

ಇನ್ನು 2020. ಆ ವರ್ಷದ ಏಪ್ರಿಲ್ 12ರ ಪಾಸ್ಖ ಹಬ್ಬಕ್ಕೆ ದೇವಾಲಯದ ಬಾಗಿಲು ಮುಚ್ಚಿತ್ತು. ಅದಕ್ಕೆ ಎರಡು ವಾರ ಮುಂಚೆ, ಮಾರ್ಚ್ 27ರ ಸಂಜೆ, ಜಗದ್ಗುರು ಫ್ರಾನ್ಸಿಸರು ರೋಮಿನಲ್ಲಿ ಮಳೆಯ ನಡುವೆ ಖಾಲಿ ಚೌಕದಲ್ಲಿ ಒಬ್ಬರೇ ನಡೆದುಬಂದರು. ಅವರ ಹತ್ತಿರ ಇದ್ದದ್ದು ಹಳೆಯದೊಂದು ಶಿಲುಬೆ. 1522ರ ಪ್ಲೇಗಿನ ಕಾಲದಲ್ಲಿ ರೋಮಿನ ಬೀದಿಗಳಲ್ಲಿ ಹೊತ್ತು ತಿರುಗಿದ ಅದೇ ಶಿಲುಬೆ ಅಂದು ಮಳೆಯಲ್ಲಿ ನೆನೆಯುತ್ತಿತ್ತು. ಈಗ ಅವರೂ ನಮ್ಮನ್ನು ಅಗಲಿದ್ದಾರೆ. ಆದರೆ ಟಿ.ವಿ.ಯಲ್ಲಿ, ಮೊಬೈಲಿನಲ್ಲಿ ಆ ದೃಶ್ಯ ನೋಡಿದವರು ಮರೆತಿಲ್ಲ. ಅಂದು ರೋಗವೇನೂ ಹೋಗಲಿಲ್ಲ. ನೋಡುವುದಕ್ಕೆ ಒಂದು ಶಿಲುಬೆ ಇತ್ತು.

ಇಲ್ಲಿಯವರೆಗಿನದನ್ನು ನೀವು ಒಪ್ಪುತ್ತೀರಿ. ಮುಂದಿನದು ನನಗೆ ಹೇಳಲು ಕಷ್ಟ.

2008ರ ಇದೇ ಸೆಪ್ಟೆಂಬರ್ 14 ಭಾನುವಾರವಾಗಿತ್ತು. ಅಂದು ಮಂಗಳೂರಿನಲ್ಲಿ ಪ್ರಾರ್ಥನಾಲಯಗಳ ಮೇಲೆ ದಾಳಿಯಾಯಿತು. ಮಿಲಾಗ್ರಿಸ್ ಬಳಿಯ ಆರಾಧನಾ ಮಠದಲ್ಲಿ ಪರಮಪ್ರಸಾದಕ್ಕೇ ಅಪಚಾರವಾಯಿತು. ನಾಡಿನ ಕ್ರೈಸ್ತರು ಆಗ ಒಂದಾಗಿ ನಿಂತರು, ಮೇಣದಬತ್ತಿ ಹಿಡಿದರು, ಉಪವಾಸ ಮಾಡಿದರು. ಹೊರಗಿನಿಂದ ಕಷ್ಟ ಬಂದಾಗ ಒಟ್ಟಾಗಿ ನಿಲ್ಲುವುದು ನಮಗೆ ಗೊತ್ತಿದೆ. ಆದರೆ ಒಂದೇ ಮನೆಯೊಳಗೆ ಹಾವು ಹೊಕ್ಕರೆ? ಸಾಲ, ಕುಡಿತ, ಕೈಬಿಟ್ಟ ಗಂಡ, ಮದುವೆ ಮುರಿದ ಮಗಳು, ಇಂಥದ್ದು ಬಂದರೆ? ಆಗ ನಾವು ಒಂದು ಹೆಜ್ಜೆ ಹಿಂದೆ ಸರಿಯುತ್ತೇವೆ. ಮಾತು ಸಣ್ಣಗಾಗುತ್ತದೆ. ಆ ಮನೆಯವರು ಕೂರುವ ಬೆಂಚು ಮೆಲ್ಲಗೆ ಖಾಲಿಯಾಗುತ್ತದೆ.

ಹಲವು ವರ್ಷಗಳ ಹಿಂದೆ, ನಾನು ಇನ್ನೊಂದು ಕಡೆ ಸೇವೆಯಲ್ಲಿದ್ದಾಗ, ನಮ್ಮ ಸಮುದಾಯದ ಒಬ್ಬ ಸಣ್ಣ ರೈತ ಸಾಲದ ಭಾರ ತಾಳಲಾರದೆ ತನ್ನ ಜೀವವನ್ನು ತಾನೇ ಕಳೆದುಕೊಂಡ. ಊರ ಹೆಸರು ಬೇಡ. ಆ ಕುಟುಂಬ ಈಗ ದೂರದಲ್ಲಿದೆ, ಅವರ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ. ನಾನು ಶವಸಂಸ್ಕಾರ ನಡೆಸಿದೆ, ಎರಡು ಸಾಂತ್ವನದ ಮಾತಾಡಿದೆ, ಬಂದುಬಿಟ್ಟೆ. ಆಮೇಲೆ ತಪಸ್ಸುಕಾಲ, ಪರೀಕ್ಷೆಗಳು, ಸಭೆಗಳು. ಮೂರು ತಿಂಗಳು ಆ ಮನೆಯವರು ದೇವಾಲಯಕ್ಕೆ ಬರಲಿಲ್ಲ. ಒಂದು ದಿನ ಸಂತೆಯಲ್ಲಿ ಆ ತಾಯಿ ಎದುರಾದರು. ನಾನು, ದೇವರು ನನ್ನನ್ನು ಕ್ಷಮಿಸಲಿ, ಕೇಳಿದ ಮೊದಲ ಮಾತೇ, "ಯಾಕವ್ವಾ, ಪೂಜೆಗೆ ಬರೋದೇ ಬಿಟ್ಟೀರಲ್ಲ?" ಎಂದು.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ನಂತರ, "ಮಾರಿ ಎತ್ತಿ ಹ್ಯಾಂಗ ಬರ್ಲಿ ಫಾದರ್? ಅವರಿಗಿ ಸ್ವರ್ಗ ಇಲ್ಲಂತ. ನಮ್ಮ ಮಂದಿನೇ ಅಂದ್ರು," ಎಂದರು. ಕೈಯಲ್ಲಿದ್ದ ಚೀಲದಲ್ಲಿ ಉಳ್ಳಾಗಡ್ಡಿ ಇತ್ತು, ಅದನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿ ಹೊರಟುಹೋದರು.

ಇದನ್ನು ಈ ಪೀಠದ ಮುಂದೆ ನಿಂತು ಸ್ಪಷ್ಟವಾಗಿ ಹೇಳುತ್ತೇನೆ. "ಸ್ವರ್ಗ ಇಲ್ಲ" ಎಂಬ ಆ ಮಾತು ಧರ್ಮಸಭೆಯ ಮಾತಲ್ಲ. ಜೀವ ದೇವರು ಕೊಟ್ಟದ್ದು, ಅದನ್ನು ಕಳೆದುಕೊಳ್ಳುವ ಹಕ್ಕು ನಮಗಿಲ್ಲ, ನಿಜ. ಆದರೆ ತೀವ್ರವಾದ ಮನೋವೇದನೆ, ಭಯ, ಸಂಕಟಗಳು ಅಂಥವನ ಹೊಣೆಯನ್ನು ಕಡಿಮೆ ಮಾಡಬಲ್ಲವು, ಅವನ ರಕ್ಷಣೆಯ ಬಗ್ಗೆ ನಾವು ನಿರಾಶರಾಗಬಾರದು, ದೇವರಿಗೆ ಮಾತ್ರ ತಿಳಿದ ದಾರಿಗಳಿವೆ ಎಂದು ಕಥೋಲಿಕ ಧರ್ಮೋಪದೇಶ 2282 ಮತ್ತು 2283ನೆಯ ಅಂಕಣಗಳಲ್ಲಿ ತಿಳಿಸುತ್ತದೆ. ಧರ್ಮಸಭೆ ಅಂಥವರಿಗಾಗಿ ಪ್ರಾರ್ಥಿಸುತ್ತದೆ. ಶವಸಂಸ್ಕಾರ ನಿರಾಕರಿಸುವವರ ಸಾಲಿನಲ್ಲಿ ಅವರನ್ನು ಸೇರಿಸಿದ್ದು 1917ರ ಧರ್ಮಸಭಾ ಕಾನೂನು. 1983ರ ಕಾನೂನಿನಲ್ಲಿ ಅದು ಇಲ್ಲ. ನಮ್ಮ ಅಜ್ಜಂದಿರ ಕಾಲದ ಮಾತನ್ನು ನಾವು ಇಂದಿಗೂ ಒಬ್ಬ ವಿಧವೆಯ ಕಿವಿಗೆ ಹಾಕುತ್ತಿದ್ದೇವೆ.

ಬೀದರಿನಲ್ಲಿ ನಿಂತು ಕಷ್ಟದ ಬಗ್ಗೆ ಮಾತಾಡುವ ಪ್ರಬೋಧಕ ಬಿದರಿ ಕಲೆಯ ಉದಾಹರಣೆ ಕೊಡದೆ ಇರುವುದಿಲ್ಲ. ನಾನೂ ಕೊಟ್ಟಿದ್ದೇನೆ. ಸತು, ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಗೆ ಚಿತ್ತಾರ ಕೊರೆದು, ಬೆಳ್ಳಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣು, ನವಸಾಗರ ಕಲಸಿದ ನೀರಿನಲ್ಲಿ ಉಜ್ಜುತ್ತಾರೆ. ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತದೆ. ಕಷ್ಟವೂ ಹಾಗೆಯೇ ನಮ್ಮನ್ನು ಹೊಳೆಸುತ್ತದೆ ಎಂದು ಹೇಳಿ ಮುಗಿಸುತ್ತಿದ್ದೆ. ಆ ತಾಯಿಯನ್ನು ಕಂಡ ಮೇಲೆ ಆ ಮಾತು ನನ್ನ ಬಾಯಿಗೆ ಬರುತ್ತಿಲ್ಲ. ಗಂಡನನ್ನು ಕಳೆದುಕೊಂಡವಳಿಗೆ ನಿನ್ನ ದುಃಖ ನಿನ್ನನ್ನು ಹೊಳೆಸುತ್ತದೆ ಎನ್ನಲು ನಾನು ಯಾರು? ಆದರೆ ಬಿದರಿಯಲ್ಲಿ ನಾನು ಗಮನಿಸದಿದ್ದ ಇನ್ನೊಂದು ವಿಷಯವಿದೆ. ಆ ಪಾತ್ರೆ ಒಬ್ಬನ ಕೈಯಲ್ಲಿ ಆಗುವುದು ಕಡಿಮೆ. ಎರಕ ಹೊಯ್ಯುವವನು ಒಬ್ಬ, ಕೊರೆಯುವವನು ಒಬ್ಬ, ಬೆಳ್ಳಿ ಕೂರಿಸುವವನು ಇನ್ನೊಬ್ಬ, ಕೈಯಿಂದ ಕೈಗೆ ಸಾಗುತ್ತದೆ. 2023ರಲ್ಲಿ ಪದ್ಮಶ್ರೀ ಪಡೆದ ನಮ್ಮೂರಿನ ಶಾ ರಶೀದ್ ಅಹ್ಮದ್ ಖಾದ್ರಿಯವರ ಕಲೆಯ ಹಿಂದೆಯೂ ಇಂಥ ಎಷ್ಟೋ ಕೈಗಳ ಪರಂಪರೆಯಿದೆ.

ಕೈಗಳ ಮಾತು ಬಂದದ್ದರಿಂದ ಮತ್ತೆ ಮರುಭೂಮಿಗೆ ಹೋಗೋಣ. ಕಂಬ ಇದ್ದದ್ದು ಒಂದು ಕಡೆ. ಪಾಳೆಯ ದೊಡ್ಡದು. ದೂರದ ಡೇರೆಯಲ್ಲಿ ಒಬ್ಬಳಿಗೆ ಹಾವು ಕಚ್ಚಿದೆ, ಜ್ವರ ಏರಿದೆ, ಕಣ್ಣು ಮಂಜಾಗಿದೆ. ಆಕೆ ಕಂಬವನ್ನು ಹೇಗೆ ನೋಡಬೇಕು? ಯಾರೋ ಡೇರೆಯ ಪರದೆ ಸರಿಸಿರಬೇಕು. ಯಾರೋ ಎತ್ತಿಕೊಂಡು ಬಂದಿರಬೇಕು, ತಲೆಗೆ ತೋಳು ಕೊಟ್ಟು ಮುಖವನ್ನು ಆ ಕಡೆ ತಿರುಗಿಸಿರಬೇಕು. ಬೈಬಲಿನಲ್ಲಿ ಇದನ್ನು ಬರೆದಿಲ್ಲ, ಇದು ನನ್ನ ಊಹೆ. ಆದರೆ ಸಂತ ಮಾರ್ಕರ ಶುಭಸಂದೇಶದ 2ನೆಯ ಅಧ್ಯಾಯದಲ್ಲಿರುವುದು ಊಹೆಯಲ್ಲ. ಪಾರ್ಶ್ವವಾಯು ಬಡಿದವನನ್ನು ನಾಲ್ವರು ಹೊತ್ತು ತಂದರು, ಜನಸಂದಣಿಯಲ್ಲಿ ದಾರಿ ಸಿಗದೆ ಮನೆಯ ಚಾವಣಿಯನ್ನೇ ಬಿಚ್ಚಿ ಇಳಿಸಿದರು. ಯೇಸುಸ್ವಾಮಿ ಕಂಡದ್ದು ಹೊತ್ತು ತಂದವರ ವಿಶ್ವಾಸವನ್ನೂ. ಹಾಸಿಗೆಯಲ್ಲಿದ್ದವನು ಒಂದು ಮಾತನ್ನಾದರೂ ಆಡಿದನೆಂದು ಅಲ್ಲಿಲ್ಲ. ತನ್ನ ವಿಶ್ವಾಸ ಸೋತುಹೋದ ದಿನ ಅವನು ಬೇರೆಯವರ ವಿಶ್ವಾಸದ ಮೇಲೆ ಮಲಗಿ ಬಂದಿರಲೂಬಹುದು.

ನಾವು ಸಣ್ಣ ಮಂದೆ. 2005ರ ಜೂನ್ 24ರಂದು ಗುಲ್ಬರ್ಗಾ ಧರ್ಮಕ್ಷೇತ್ರ ಹುಟ್ಟಿ, ಪೂಜ್ಯ ರಾಬರ್ಟ್ ಮೈಕಲ್ ಮಿರಾಂಡಾ ಅವರು ಮೊದಲ ಧರ್ಮಾಧ್ಯಕ್ಷರಾದಾಗಲೂ ನಾವು ಅಲ್ಲೊಂದು ಮನೆ ಇಲ್ಲೊಂದು ಮನೆ ಎಂಬಂತೆ ಚದುರಿದ್ದೆವು, ಈಗಲೂ ಹಾಗೆಯೇ ಇದ್ದೇವೆ. ಸಣ್ಣ ಮಂದೆಗೆ ಒಂದು ಅನುಕೂಲವಿದೆ. ಯಾರು ಬಂದಿಲ್ಲ ಎಂದು ಗೊತ್ತಾಗುತ್ತದೆ. ಗೊತ್ತಾದ ಮೇಲೆ ಏನು ಮಾಡುತ್ತೇವೆ ಎಂಬುದೇ ಪ್ರಶ್ನೆ. ಹುಮನಾಬಾದಿನ ಆರ್ಬಿಟ್ ಸಂಸ್ಥೆಯ ನೆರವಿನಿಂದ ಕಟ್ಟಿದ ಸ್ವಸಹಾಯ ಸಂಘಗಳಲ್ಲಿ ನಮ್ಮ ತಾಯಂದಿರು, ಜಾತಿ ಧರ್ಮ ನೋಡದೆ, ಒಬ್ಬರ ಕಷ್ಟಕ್ಕೆ ಒಬ್ಬರು ಕೈಕೊಟ್ಟದ್ದನ್ನು ನಾನು ನೋಡಿದ್ದೇನೆ. ಭಾನುವಾರದ ಬೆಂಚಿನಲ್ಲಿ ಮಾತ್ರ ಅದೇ ತಾಯಂದಿರು ಅಪರಿಚಿತರಂತೆ ಕೂರುತ್ತಾರೆ. ಇದು ಯಾಕೆ ಎಂದು ನನಗೆ ಅರ್ಥವಾಗಿಲ್ಲ.

ಆ ಕಂಚಿನ ಸರ್ಪದ ಕಥೆಗೆ ಒಂದು ಕೊನೆಯಿದೆ, ಅದನ್ನು ಇಂದಿನ ಪೂಜೆಯಲ್ಲಿ ಓದುವುದಿಲ್ಲ. ಅರಸುಗಳ ಎರಡನೆಯ ಗ್ರಂಥ, 18ನೆಯ ಅಧ್ಯಾಯ. ನೂರಾರು ವರ್ಷಗಳ ನಂತರ ಹಿಜ್ಕೀಯ ಅರಸ ಅದನ್ನು ಒಡೆದು ಚೂರು ಮಾಡಿಸಿದ, ಏಕೆಂದರೆ ಜನ ಅದಕ್ಕೇ ಧೂಪ ಹಾಕತೊಡಗಿದ್ದರು. ಕಚ್ಚಿಸಿಕೊಂಡವರ ಜೀವ ಉಳಿಸಿದ್ದು ಬರೀ ಪೂಜೆಯ ವಸ್ತುವಾಗಿ ಉಳಿಯಿತು. ನಿನ್ನೆ ರಾತ್ರಿ ನಮ್ಮ ಯುವಕರು ಈ ಶಿಲುಬೆಯನ್ನು ಎಷ್ಟು ಚೆನ್ನಾಗಿ ಹೂವಿನಿಂದ, ದೀಪಗಳಿಂದ ಸಿಂಗರಿಸಿದ್ದಾರೆ! ನೋಡಿ ಸಂತೋಷವಾಯಿತು. ಹಿಜ್ಕೀಯನ ನೆನಪೂ ಆಯಿತು.

ಆ ಸಂತೆಯ ದಿನದ ನಂತರ ನಾನು ಆ ಮನೆಗೆ ಹೋದೆ. ಒಬ್ಬನೇ ಹೋಗಲಿಲ್ಲ. ಉಪದೇಶಿಯವರನ್ನೂ ಇಬ್ಬರು ಹಿರಿಯ ತಾಯಂದಿರನ್ನೂ ಕರೆದುಕೊಂಡು ಹೋದೆ. ಮೊದಲ ದಿನ ಆಕೆ ಚಹಾ ಕೊಟ್ಟರು, ಹೆಚ್ಚು ಮಾತಾಡಲಿಲ್ಲ. ಎರಡನೆಯ ಸಲ ಜಪಸರ ಹೇಳಿದೆವು. ಸಾಲದ ಕಾಗದಗಳನ್ನು ಹೊರಗೆ ತೆಗೆದದ್ದು ನಾಲ್ಕನೆಯ ಸಲವೋ ಐದನೆಯ ಸಲವೋ. ಓದುಬರಹ ಬಲ್ಲ ನಮ್ಮ ಒಬ್ಬ ಶಿಕ್ಷಕರು ಅವನ್ನು ಬ್ಯಾಂಕಿನದು ಯಾವುದು, ಕೈಸಾಲ ಯಾವುದು ಎಂದು ಬೇರೆ ಮಾಡಿಕೊಟ್ಟರು. ಸಾಲ ತೀರಿತೆಂದು ನಾನು ಹೇಳುತ್ತಿಲ್ಲ, ತೀರಲು ಬಹಳ ವರ್ಷ ಹಿಡಿಯಿತು. ಆದರೆ ಆ ವರ್ಷದ ಕ್ರಿಸ್ಮಸ್ ರಾತ್ರಿ ಆಕೆ ಇಬ್ಬರು ಮಕ್ಕಳೊಂದಿಗೆ ಬಂದು ಆ ಹಿರಿಯ ತಾಯಂದಿರ ನಡುವೆ ಕೂತರು.

ಆದ್ದರಿಂದ ಇಂದು ನಿಮ್ಮಲ್ಲಿ ಮೂರು ಮಾತು. ಮನಸ್ಸು ಭಾರವಾಗಿ, ಬದುಕು ಸಾಕೆನಿಸಿದವರು ಇಲ್ಲಿದ್ದರೆ, ಇವತ್ತೇ ಯಾರ ಬಳಿಯಾದರೂ ಹೇಳಿ. ನನ್ನ ಬಳಿ ಬನ್ನಿ, ನಡುರಾತ್ರಿಯಾದರೂ ಸರಿ. ಸರ್ಕಾರದ ಟೆಲಿ-ಮಾನಸ್ ಸಂಖ್ಯೆ 14416 ಇದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಸಾಲ ಕೊಟ್ಟವರು ಮನೆ ಮುಂದೆ ಬಂದು ಬೆದರಿಸುತ್ತಿದ್ದರೆ ನಾಚಿಕೆಪಟ್ಟು ಮುಚ್ಚಿಡಬೇಡಿ. ಬಲವಂತದ ವಸೂಲಿ ತಡೆಯಲು 2025ರಲ್ಲಿ ರಾಜ್ಯದಲ್ಲಿ ಕಾನೂನೇ ಬಂದಿದೆ, ದೂರು ಕೊಡಲು ನಿಮ್ಮ ಜೊತೆ ನಾವು ಬರುತ್ತೇವೆ. ಮೂರನೆಯದು ನಮಗೆಲ್ಲರಿಗೂ. ನಾಳೆ 15, ವ್ಯಾಕುಲ ಮಾತೆಯ ಸ್ಮರಣೆ. ಶಿಲುಬೆಯ ಬುಡದಲ್ಲಿ ಮಾತೆ ಮರಿಯ ಏನೂ ಮಾಡಲಾಗದೆ ನಿಂತಿದ್ದರು, ಆದರೆ ಬಿಟ್ಟು ಹೋಗಲಿಲ್ಲ. ನಾಳೆ ಸಂಜೆಯ ಜಪಸರ ಈ ದೇವಾಲಯದಲ್ಲಿ ಇರುವುದಿಲ್ಲ. ಪ್ರತಿಯೊಂದು ಕಿರು ಕ್ರೈಸ್ತ ಸಮುದಾಯವೂ ಇತ್ತೀಚೆಗೆ ಪೂಜೆಗೆ ಬರದ ಒಂದು ಮನೆಗೆ ಹೋಗಿ, ಅವರು ಒಪ್ಪಿದರೆ ಅಲ್ಲೇ ಹೇಳಲಿ. ಒಪ್ಪದಿದ್ದರೆ ಕೂತು ಮಾತಾಡಿಸಿ ಬನ್ನಿ, ಯಾಕೆ ಬಂದಿಲ್ಲ ಎಂದು ಮಾತ್ರ ಕೇಳಬೇಡಿ.

ಪೂಜೆಯಾದ ಮೇಲೆ ಸಿಸ್ಟರ್ ಬಾಗಿಲ ಬಳಿ ಪುಸ್ತಕ ಹಿಡಿದು ಕೂರುತ್ತಾರೆ. ಯಾವ ಸಮುದಾಯ ಯಾವ ಕಡೆ ಹೋಗುತ್ತದೆ ಎಂದು ಬರೆಸಿ. ಔರಾದಿನವರಿಗೆ ಬಸ್ಸು ಹಿಡಿಯಬೇಕು, ಅವರಿಗೆ ಮೊದಲು ದಾರಿ ಬಿಡಿ. ಈಗ ಎದ್ದು ನಿಂತು ನಮ್ಮ ವಿಶ್ವಾಸವನ್ನು ಪ್ರಕಟಿಸೋಣ.